ನಾಮಿನಿ ಇಲ್ಲದ ಅಪ್ಪನ ಖಾತೆ: ಬ್ಯಾಂಕಿನ ಕ್ಲೇಮ್ ಸೇವೆಗೆ 3 ಸ್ಟಾರ್

ಅಪ್ಪ ತೀರಿಕೊಂಡ ಮೇಲೆ ಬೀರುವಿನಲ್ಲಿ ಸಿಕ್ಕಿದ್ದು ಒಂದು ಪಾಸ್‌ಬುಕ್, ಎರಡು ಎಫ್‌ಡಿ ರಸೀದಿ. ಎಲ್ಲಾ ಸೇರಿ 3 ಲಕ್ಷ 40 ಸಾವಿರ. ನಾಮಿನಿ ಇರಲಿಲ್ಲ, ವಿಲ್ ಕೂಡ ಬರೆದಿರಲಿಲ್ಲ.

ಮೊದಲ ದಿನ ಕೌಂಟರ್‌ನಲ್ಲಿದ್ದವರು ರಸೀದಿ ಬಿಚ್ಚಿಯೂ ನೋಡಲಿಲ್ಲ. "ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ" ಅಂದರು, ಅಂದರೆ ವಾರಸುದಾರರು ಯಾರು ಎಂದು ಕೋರ್ಟ್ ಕೊಡುವ ಪತ್ರ. ಅಮ್ಮನಿಗೆ 68 ವರ್ಷ. ಕೋರ್ಟ್ ಅಂದ ಕೂಡಲೇ "ಆ ದುಡ್ಡೇ ಬೇಡ, ನಡಿ" ಎಂದು ಎದ್ದುಬಿಟ್ಟರು. ವಕೀಲರನ್ನು ಹುಡುಕುವುದರಲ್ಲಿ ಎರಡು ವಾರ ಸುಮ್ನೆ ಕಳೆಯಿತು. ನಾನು ಎರಡು ಸ್ಟಾರ್ ಕಿತ್ತುಕೊಂಡಿದ್ದು ಇದಕ್ಕೇ.

ನಮಗೆ ಕೋರ್ಟು ಬೇಕಾಗಿರಲೇ ಇಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಇದಕ್ಕೆಂದೇ ನಿಯಮ ಹೊರಡಿಸಿದೆ. ನಾಮಿನಿ ಇಲ್ಲ, ವಿಲ್ ಇಲ್ಲ, ವಾರಸುದಾರರಲ್ಲಿ ತಕರಾರೂ ಇಲ್ಲ ಅಂದರೆ 15 ಲಕ್ಷದವರೆಗೆ ಕಾಗದಪತ್ರದಲ್ಲೇ ಕೆಲಸ ಮುಗಿಯುತ್ತದೆ. ಸಹಕಾರಿ ಬ್ಯಾಂಕಾದರೆ 5 ಲಕ್ಷ. 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕೂ ಇದನ್ನು ಜಾರಿಗೆ ತರಬೇಕಿತ್ತು. ಕೌಂಟರ್‌ನಲ್ಲಿ ಕೂತವರಿಗೆ ಇದು ಗೊತ್ತಿರಬೇಕು ಅಲ್ವಾ?

ಎರಡನೇ ಸಲ ಬೇರೆ ಅಧಿಕಾರಿ ಸಿಕ್ಕರು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಲೇಮ್ ಫಾರ್ಮಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದರು. ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆ ಯಾರಾದರೂ ಹಕ್ಕು ಕೇಳಿದರೆ ಬ್ಯಾಂಕಿನ ನಷ್ಟ ತುಂಬಿಕೊಡುತ್ತೇವೆ ಎಂಬ ಮುಚ್ಚಳಿಕೆ) ಕೇಳಿದರು. ಹಣ ಅಮ್ಮನಿಗೇ ಹೋಗಲಿ, ನಮ್ಮ ಆಕ್ಷೇಪಣೆ ಇಲ್ಲ ಎಂದು ಅಣ್ಣ ಮತ್ತು ನಾನು ಪತ್ರ ಕೊಟ್ಟೆವು. ನಾಡಕಚೇರಿಯ ವಂಶವೃಕ್ಷ ನಮ್ಮ ಹತ್ತಿರ ಮೊದಲೇ ಇತ್ತು, ಜಮೀನಿನ ಪೌತಿ ಖಾತೆಗೆ ಮಾಡಿಸಿದ್ದು. ಅದು ಇಲ್ಲದವರು, ಮನೆಯವರನ್ನು ಚೆನ್ನಾಗಿ ಬಲ್ಲ, ಬ್ಯಾಂಕು ಒಪ್ಪುವ ಹೊರಗಿನ ಒಬ್ಬರಿಂದ ವಾರಸುದಾರರ ಬಗ್ಗೆ ಘೋಷಣೆ ಕೊಡಿಸಬಹುದು.

ಒಂದು ಮಾತು: ತಾರೀಖು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ. ಎಲ್ಲ ದಾಖಲೆ ಸೇರಿದ ದಿನದಿಂದ 15 ದಿನದಲ್ಲಿ ಅವರು ಇತ್ಯರ್ಥ ಮಾಡಬೇಕು. ತಪ್ಪು ಅವರದಾಗಿ ತಡವಾದರೆ, ತಡವಾದಷ್ಟು ದಿನಕ್ಕೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ 'ಬ್ಯಾಂಕ್ ದರ'ದ (ಬ್ಯಾಂಕ್ ರೇಟ್) ಮೇಲೆ ಶೇ. 4 ಸೇರಿಸಿ ಬಡ್ಡಿ ಕೊಡಬೇಕು. ನಮಗೆ 11ನೇ ದಿನಕ್ಕೆ ಹಣ ಬಂತು. ಆ ಅಧಿಕಾರಿ ಒಬ್ಬರಿಗೇ ಆದರೆ 5 ಸ್ಟಾರ್ ಕೊಡುತ್ತಿದ್ದೆ.

ಹಳೇ ಪಾಸ್‌ಬುಕ್ ಮಾತ್ರ ಅವರೇ ಇಟ್ಟುಕೊಂಡಿದ್ದರು. ಕೇಳಿದ ಮೇಲೆ ರದ್ದು ಮುದ್ರೆ ಹೊಡೆದು ವಾಪಸ್ ಕೊಟ್ಟರು. ಅದರ ಮೊದಲ ಪುಟದಲ್ಲಿ ಅಪ್ಪನ ಸಹಿ ಇದೆ. ಅಮ್ಮನಿಗೆ ಅದು ಬೇಕಿತ್ತು.