ಒಂದೇ ಬಾಗಿಲು, ಎರಡು ಸಂಕಲನ

ಸಿನಿಮಾ ಸಂಕಲನದ ತರಗತಿಯಲ್ಲಿ ಕೊಟ್ಟ ಅಭ್ಯಾಸ ಕೇಳಲು ಸರಳ. ಒಬ್ಬರು ಬಾಗಿಲು ತೆರೆದು ಬರಬೇಕು, ಕೋಣೆ ದಾಟಿ ಇನ್ನೊಬ್ಬರ ಎದುರು ಕೂರಬೇಕು, ಎರಡು ಮಾತಾಡಬೇಕು. ಶಾಟ್, ಅಂದರೆ ಕ್ಯಾಮೆರಾ ಒಂದೇ ಸಲಕ್ಕೆ ತೆಗೆದ ತುಣುಕು, ಬದಲಾದದ್ದು ನೋಡುವವರಿಗೆ ಗೊತ್ತೇ ಆಗಬಾರದು. ಇದನ್ನು ತೀರ್ಥಹಳ್ಳಿ ಹತ್ತಿರದ ಅಜ್ಜಿಯ ಮನೆಯಲ್ಲಿ, ಅಡಕೆ ಕೊಯ್ಲಿನ ದಿನಗಳಲ್ಲಿ, ಎರಡು ಸಲ ಎರಡು ವಿಧಾನದಲ್ಲಿ ಮಾಡಿದೆ. ಬರುವವನು ನನ್ನ ಗೆಳೆಯ. ನಡುಮನೆಯಲ್ಲಿ ಮೆಟ್ಟುಗತ್ತಿಯ (ಕತ್ತಿ ಹೂಡಿದ ಮಣೆ) ಮೇಲೆ ಕೂತು ಅಡಕೆ ಸುಲಿಯುತ್ತಿರುವವರು ಅಜ್ಜಿ.

ಮೊದಲ ಸಲ ತುಣುಕು ತುಣುಕಾಗಿ ತೆಗೆದೆ. ಗೆಳೆಯ ಬಾಗಿಲನ್ನು ಅರ್ಧ ತಳ್ಳುವವರೆಗೆ ಹೊರಗಿನಿಂದ ಒಂದು ಶಾಟ್. ಆಮೇಲೆ ಕ್ಯಾಮೆರಾ ಒಳಗೆ ತಂದು ಮುಚ್ಚಿದ ಬಾಗಿಲಿನಿಂದ ಇನ್ನೊಂದು. ಒಂದು ಕೆಲಸ ನಿಂತ ಮೇಲೆಯೇ ಕಟ್, ಅಂದರೆ ಮುಂದಿನ ಶಾಟ್‌ಗೆ ಜಿಗಿತ. ಮೊಬೈಲಿನಲ್ಲಿಯೇ ಜೋಡಿಸಿದೆ, ಅರ್ಧ ದಿನದಲ್ಲಿ ಮುಗಿಯಿತು. ವೇಗ ಒಂದೇ ಈ ವಿಧಾನದ ಲಾಭ.

ತರಗತಿಯ ದೊಡ್ಡ ಪರದೆಯ ಮೇಲೆ ಅದು ನಿಲ್ಲಲಿಲ್ಲ. "ಇವನು ಬಾಗಿಲನ್ನು ಎರಡು ಸಲ ತೆರೆದನಲ್ಲ" ಎಂದರು ಮೇಷ್ಟ್ರು. ಮಾತುಕತೆಯಲ್ಲಿ ಇಬ್ಬರೂ ಬಲಕ್ಕೇ ನೋಡುತ್ತಿದ್ದರು, ಎದುರುಬದುರು ಕೂತಂತೆಯೇ ಕಾಣುತ್ತಿರಲಿಲ್ಲ. ಇಬ್ಬರನ್ನೂ ಸೇರಿಸುವ ಒಂದು ಗೆರೆ ಇದೆಯೆಂದುಕೊಂಡು, ಅದರ ಒಂದೇ ಬದಿಯ 180 ಡಿಗ್ರಿಯೊಳಗೆ ಕ್ಯಾಮೆರಾ ಇರಬೇಕು. ಗೆಳೆಯನ ಶಾಟ್‌ಗೆ ನಡುಮನೆಯ ಕಂಬ ಅಡ್ಡ ಬಂದಿತೆಂದು ನಾನು ಆಚೆ ಬದಿಗೆ ಹೋಗಿದ್ದೆ. ಮೂರನೆಯ ತಪ್ಪನ್ನು ಹಿಡಿದವಳು ಸಾಗರದ ಕಡೆಯ ಸಹಪಾಠಿ, ಅಡಕೆ ಮನೆಯ ಹುಡುಗಿ: ದೂರದ ಶಾಟ್‌ನಲ್ಲಿ ಮುಕ್ಕಾಲು ತುಂಬಿದ್ದ ಬುಟ್ಟಿ ಹತ್ತಿರದ ಶಾಟ್‌ನಲ್ಲಿ ಬರಿದಾಗಿದೆ. ಬೆಳಗಿನ ಬೆಳಕು ಚೆನ್ನಾಗಿದೆ ಎಂದು ಅಜ್ಜಿಯ ಮುಖವನ್ನು ಒಂಬತ್ತಕ್ಕೇ ತೆಗೆದಿದ್ದೆ, ದೂರದ ಶಾಟ್ ತೆಗೆಯುವಾಗ ಹನ್ನೊಂದಾಗಿತ್ತು. ನಡುವೆ ಅಜ್ಜಿಯ ಕೈ ನಿಂತಿರಲಿಲ್ಲ, ಕೊಯ್ಲಿನ ಕಾಲದಲ್ಲಿ ಯಾರ ಕೈಯೂ ನಿಲ್ಲುವುದಿಲ್ಲ. ಅದೆಷ್ಟೋ ಸಲ ನೋಡಿದ್ದೆ, ನನಗೆ ಇದು ಕಂಡಿರಲಿಲ್ಲ. ಆ ದಿನ ನಿಜಕ್ಕೂ ನೋವಾಯಿತು.

ಎರಡನೆಯ ಸಲ ಪ್ರತಿ ಕೋನದಿಂದಲೂ ಇಡೀ ಕ್ರಿಯೆಯನ್ನು ತೆಗೆದೆ. ಬಾಗಿಲು ತೆರೆಯುವುದು ಹೊರಗಿನಿಂದಲೂ ಪೂರ್ತಿ, ಒಳಗಿನಿಂದಲೂ ಪೂರ್ತಿ. ನೆಲದ ಮೇಲೆ ಸೀಮೆಸುಣ್ಣದಿಂದ ಆ ಗೆರೆ ಎಳೆದೆ, ಪ್ರತಿ ಶಾಟ್‌ಗೆ ಮೊದಲು ಬುಟ್ಟಿಯ ಫೋಟೊ ತೆಗೆದುಕೊಂಡೆ, ಅಜ್ಜಿಗೆ ಅದೇ ಸೀರೆ ಉಡಲು ಹೇಳಿದೆ. ಶಾಟ್‌ನಿಂದ ಶಾಟ್‌ಗೆ ಬಣ್ಣದ ಛಾಯೆ ಬದಲಾಗದಂತೆ ಫೋನಿನ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿದೆ. ಕೊನೆಗೆ ಎರಡು ನಿಮಿಷ ಯಾರೂ ಮಾತಾಡದೆ, ಅಡಕೆ ಸುಲಿಯುವ ಸದ್ದನ್ನಷ್ಟೇ ದಾಖಲಿಸಿದೆ. ಅದನ್ನು ಎಲ್ಲ ಶಾಟ್‌ಗಳ ಅಡಿಯಲ್ಲಿ ಹಾಸಿದಾಗ ಅರ್ಧದಷ್ಟು ಕಟ್‌ಗಳು ತಾವಾಗಿಯೇ ಮರೆಯಾದವು. ಮೊದಲ ಸಂಕಲನದಲ್ಲಿ ಕಟ್ ಕಟ್‌ಗೂ ಸದ್ದು ಬದಲಾಗುತ್ತಿತ್ತು.

ಜೋಡಿಸಿದ್ದು ಕಂಪ್ಯೂಟರಿನಲ್ಲಿ, ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ. ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಎಂದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಬೆರಳಿನಿಂದ ಅಷ್ಟು ಸಣ್ಣದಾಗಿ ಸರಿಸುವುದು ನನ್ನಿಂದ ಆಗಿರಲಿಲ್ಲ. ಇಲ್ಲಿ ಬಾಣದ ಕೀಲಿ ಒತ್ತಿದರೆ ಸರಿಯಾಗಿ ಒಂದೇ ಫ್ರೇಮ್. ಬಾಗಿಲು ಕಾಲುಭಾಗ ತೆರೆದಾಗ, ಅಂದರೆ ಕೈ ಇನ್ನೂ ತಳ್ಳುತ್ತಿರುವಾಗಲೇ, ಕಟ್ ಇಟ್ಟೆ. ಬಾಗಿಲಿನ ಸ್ಥಾನವನ್ನು ಕರಾರುವಾಕ್ಕಾಗಿ ಹೊಂದಿಸಿದರೆ ಯಾಕೋ ಸ್ವಲ್ಪ ಎಡವಿದಂತೆ ಕಂಡಿತು. ಒಳಗಿನ ಶಾಟ್ ಅನ್ನು ಎರಡು ಫ್ರೇಮ್ ಮೊದಲಿನಿಂದ ಶುರುಮಾಡಿ, ಚಲನೆ ಒಂದಿಷ್ಟು ಮರುಕಳಿಸುವಂತೆ ಮಾಡಿದಾಗ ನೀರಿನಂತೆ ಹರಿಯಿತು. ಕಣ್ಣು ಬಾಗಿಲಿನ ಚಲನೆಯ ಹಿಂದೆ ಹೋಗುತ್ತಿರುತ್ತದೆ, ಕಟ್‌ನ ಕಡೆಗೆ ಹೋಗುವುದಿಲ್ಲ. ಈ ಒಂದು ಕಟ್‌ಗೆ ಇಡೀ ಸಂಜೆ ಹಿಡಿಯಿತು, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಬಾಗಿಲು, ನಡಿಗೆ, ಕೂರುವುದು ಈ ಮೂರರಲ್ಲಿಯೂ ಎರಡನೆಯದೇ ಮೇಲು. ಆದರೆ ಮಾತುಕತೆಗೆ ಬಂದಾಗ ಮೇಷ್ಟ್ರು ಕೇಳಿದ್ದು, "ಎಲ್ಲ ಸರಿ, ಅಜ್ಜಿ ಎಲ್ಲಿ?"

ಹೌದು, ಅಜ್ಜಿ ಇರಲಿಲ್ಲ. ಮೊದಲ ದಿನ ಗೆಳೆಯ "ಕಾಫಿ ಇದೆಯಾ ಅಜ್ಜಿ?" ಎಂದಾಗ ಅವರು ಸುಲಿಯುವುದನ್ನು ನಿಲ್ಲಿಸಿ, ತಲೆಯೆತ್ತಿ, "ಮೊದಲು ಕೈಕಾಲು ತೊಳೆದುಕೊಂಡು ಬಾ" ಎಂದು ನಕ್ಕಿದ್ದರು. ಎರಡನೆಯ ದಿನ ಅದೇ ಪ್ರಶ್ನೆಯನ್ನು ಆರನೆಯ ಸಲ ಕೇಳಿದಾಗ ಮಾತಷ್ಟೇ ಉಳಿದಿತ್ತು. ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್ ಅನ್ನು ತೂಗುವಾಗ ಭಾವಕ್ಕೆ ಶೇಕಡಾ 51 ಕೊಡುತ್ತಾರೆ, ಜಾಗದ ಮೂರು ಆಯಾಮದ ನಿರಂತರತೆಗೆ, ಅಂದರೆ ಯಾರು ಎಲ್ಲಿದ್ದಾರೆ ಎಂಬುದು ಹೊಂದುವುದಕ್ಕೆ, ಶೇಕಡಾ 4 ಮಾತ್ರ. ಮೇಷ್ಟ್ರು ಇದನ್ನು ಮೊದಲ ತಿಂಗಳಿನಲ್ಲಿಯೇ ಹೇಳಿದ್ದರು. ಆಗ ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಅಷ್ಟೆ.

ಹಾಗಾಗಿ ಈಗ ಮೂರನೆಯದೊಂದು ಸಿದ್ಧವಾಗಿದೆ: ಎರಡನೆಯ ದಿನದ ಬಾಗಿಲು, ಮೊದಲ ದಿನದ ಅಜ್ಜಿ. ಮೊದಲ ದಿನ 4ಕೆಯಲ್ಲಿ, ಅಂದರೆ 3840×2160 ಪಿಕ್ಸೆಲ್‌ಗಳಲ್ಲಿ, ತೆಗೆದದ್ದು ಕೈಹಿಡಿಯಿತು. 1920×1080ರ ಚಿತ್ರದಲ್ಲಿ ಅದನ್ನು ಎರಡು ಪಟ್ಟು ಹಿಗ್ಗಿಸಿದರೂ ಸ್ಪಷ್ಟತೆ ಕೆಡುವುದಿಲ್ಲ, ಬುಟ್ಟಿ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಸೀರೆಯೂ ಅದೇ. ಬೆಳಗಿನ ನೀಲಿ ಛಾಯೆ ಮಾತ್ರ ಅಜ್ಜಿಯ ಹಣೆಯ ಮೇಲೆ ಇನ್ನೂ ತುಸು ಉಳಿದಿದೆ. ಸಾಗರದ ಹುಡುಗಿ ಅದನ್ನು ಹಿಡಿದೇ ಹಿಡಿಯುತ್ತಾಳೆ. ಬಣ್ಣವನ್ನು ಇನ್ನೂ ತಿದ್ದುತ್ತೇನೆ, ಶಾಟ್ ಅನ್ನು ಬದಲಿಸುವುದಿಲ್ಲ.