ಶರಾವತಿ ಹಿನ್ನೀರಿನ ದೋಣಿ ವಿಹಾರ: ಮುಂಗಡ ಕಟ್ಟುವ ಮೊದಲು ಇದನ್ನು ಓದಿ

ಸಾಗರ ತಾಲ್ಲೂಕಿನ ಹಿನ್ನೀರಿನ ದಡದಲ್ಲಿ ಈಚೆಗೆ ಹೊಸದೊಂದು ವ್ಯಾಪಾರ ಬೆಳೆದಿದೆ. ಬೆಳಿಗ್ಗೆ ದೋಣಿ ಹತ್ತಿಸಿ, ಮೂರು ನಾಲ್ಕು ನಡುಗಡ್ಡೆಗಳನ್ನು ತೋರಿಸಿ, ನೀರಿನಲ್ಲಿ ಈಜಲು ಬಿಟ್ಟು, ಅಲ್ಲಿಯೇ ಮಲೆನಾಡಿನ ಊಟ ಬಡಿಸಿ, ಸಂಜೆಯೊಳಗೆ ದಡ ಮುಟ್ಟಿಸುತ್ತೇವೆ ಎಂದು ಮೊಬೈಲಿನಲ್ಲಿ ಚಿತ್ರಗಳನ್ನೂ ವಿಡಿಯೊಗಳನ್ನೂ ಹರಿಯಬಿಡುತ್ತಾರೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೆ ಬರುವವರು ಸೇತುವೆ ನೋಡಿ, ದೇವಿಯ ದರ್ಶನ ಮಾಡಿ, ಉಳಿದ ಹೊತ್ತನ್ನು ನೀರಿನ ಮೇಲೆ ಕಳೆಯೋಣವೆಂದು ಬಯಸುವುದು ಸಹಜವೇ. ಅಂಥದ್ದೇ ಒಂದು ತಂಡದ ಜೊತೆ ಮಾರ್ಚ್ ತಿಂಗಳಿನಲ್ಲಿ ನಮ್ಮ ಮನೆಯವರು ಹೋಗಿದ್ದೆವು. ಎಲ್ಲರೂ ಜೀವಸಹಿತ ಹಿಂದಿರುಗಿದೆವು. ಆದರೆ ನನ್ನ ಅಕ್ಕನ ಮಗನ ತೊಡೆಗೆ ಹೊಲಿಗೆ ಬಿತ್ತು, ಮತ್ತು ಆ ದಿನ ಕಂಡದ್ದನ್ನೆಲ್ಲ ನೆನೆದರೆ ಅದಕ್ಕಿಂತ ದೊಡ್ಡ ಅನಾಹುತ ಆಗದೇ ಹೋದದ್ದು ದೇವರ ದಯೆ ಎಂದೇ ಅನಿಸುತ್ತದೆ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ನೀರಿನ ಬಗ್ಗೆ ಹೇಳಬೇಕು, ಏಕೆಂದರೆ ಪ್ಯಾಕೇಜು ಮಾರುವವರು ಹೇಳದೇ ಬಿಡುವ ಮುಖ್ಯ ಸಂಗತಿ ಅದೇ. ಶರಾವತಿ ಹಿನ್ನೀರು ಕೆರೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಕಣಿವೆಯ ಊರುಗಳು, ಗದ್ದೆ ತೋಟಗಳು, ದಟ್ಟ ಕಾಡು ಎಲ್ಲವೂ ಮುಳುಗಿದವು. ಕಾಡನ್ನೆಲ್ಲ ಬುಡಸಮೇತ ಕಿತ್ತು ನೀರು ನಿಲ್ಲಿಸಲಿಲ್ಲ. ಸಾವಿರಾರು ಮರಗಳ ಬೊಡ್ಡೆಗಳು ಇಂದಿಗೂ ನಿಂತಲ್ಲೇ ನಿಂತಿವೆ. ಮಲೆನಾಡಿನ ಗಟ್ಟಿ ಜಾತಿಯ ಮರ ಗಾಳಿಯಾಡದ ನೀರಿನ ಅಡಿಯಲ್ಲಿ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ತುಂಬಿದ್ದರೆ ಈ ಬೊಡ್ಡೆಗಳಲ್ಲಿ ಬಹುಪಾಲು ದೋಣಿಗೆ ತಗಲದಷ್ಟು ಆಳದಲ್ಲಿರುತ್ತವೆ. ಆದರೆ ವಿದ್ಯುತ್ ಉತ್ಪಾದನೆಗೆ ನೀರು ಬಿಡುತ್ತ ಬಂದಂತೆ ಮಟ್ಟ ಇಳಿಯುತ್ತದೆ, ಎಷ್ಟೋ ವರ್ಷಗಳಲ್ಲಿ ಮುಂಗಾರಿನ ಹೊತ್ತಿಗೆ ಐವತ್ತು ಅಡಿಗೂ ಹೆಚ್ಚು ಕುಸಿಯುತ್ತದೆ. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿ ಆಮೇಲೆ ಮುಳುಗಿಹೋದ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಬೇಸಿಗೆಯಲ್ಲಿ ತಲೆ ಎತ್ತುತ್ತದೆ ಎಂದರೆ, ನೀರು ಎಷ್ಟು ಇಳಿಯುತ್ತದೆ ಎಂಬುದನ್ನು ಊಹಿಸಬಹುದು. ಹೀಗೆ ಇಳಿಯುವಾಗ ಒಂದು ಹಂತದಲ್ಲಿ ಬೊಡ್ಡೆಯ ತುದಿ ನೀರಿನಿಂದ ಒಂದು ಗೇಣು ಕೆಳಗೆ ಬಂದು ನಿಲ್ಲುತ್ತದೆ. ಪೂರ್ತಿ ಮೇಲೆ ಬಂದದ್ದು ಕಣ್ಣಿಗೆ ಕಾಣುತ್ತದೆ, ಪೂರ್ತಿ ಕೆಳಗಿರುವುದು ತಗಲುವುದಿಲ್ಲ. ಅಪಾಯವಿರುವುದು ಈ ಗೇಣು ಆಳದ್ದರಲ್ಲಿ. ನಮಗೆ ಕಳಿಸಿದ ಚಿತ್ರಗಳೆಲ್ಲ ತುಂಬಿದ ಜಲಾಶಯದವು, ನಾವು ಹೋದದ್ದು ಇಳಿದ ನೀರಿಗೆ.

ಶುಲ್ಕ ತಲೆಗೆ ಒಂದೂವರೆ ಸಾವಿರ ರೂಪಾಯಿ, ಅದರಲ್ಲಿ ಅರ್ಧ ಮುಂಗಡ. ಫೋನಿನಲ್ಲಿ ಮಾತನಾಡಿದವರು, ಹತ್ತು ಜನರ ದೋಣಿ, ಎಲ್ಲರಿಗೂ ಲೈಫ್ ಜಾಕೆಟ್, ಅರಣ್ಯ ಇಲಾಖೆಯ ಅನುಮತಿ, ಪ್ರಥಮ ಚಿಕಿತ್ಸೆ ಎಲ್ಲವೂ ಇದೆ ಎಂದಿದ್ದರು. ದಡಕ್ಕೆ ಹೋಗಿ ನೋಡಿದರೆ ನಮ್ಮ ಜೊತೆಗೆ ಬೇರೆ ಊರಿನಿಂದ ಬಂದ ಯುವಕರ ಗುಂಪೊಂದನ್ನೂ ಅದೇ ದೋಣಿಗೆ ಹತ್ತಿಸುತ್ತಿದ್ದರು. ಹದಿನೆಂಟು ಜನ, ಅಡುಗೆಯ ಡಬರಿಗಳು, ಮಂಜುಗಡ್ಡೆಯ ಪೆಟ್ಟಿಗೆ, ಹಾಡು ಹಾಕುವ ದೊಡ್ಡ ಸ್ಪೀಕರ್. ದೋಣಿಯ ಅಂಚು ನೀರಿನಿಂದ ಎರಡು ಗೇಣು ಮೇಲಿತ್ತೋ ಇಲ್ಲವೋ. ಭಾವ ಇದನ್ನು ಕೇಳಿದಾಗ ದೋಣಿ ನಡೆಸುವ ಹುಡುಗ, "ಎಂತದೂ ಆಗಲ್ಲ ಭಾವ, ದಿನಾ ಓಡಾಡೋ ನೀರು ಇದು" ಎಂದ. ಆ ಹುಡುಗನನ್ನು ನಾನು ದೂರುವುದಿಲ್ಲ. ಅವನು ಆ ದಡದಲ್ಲಿಯೇ ಹುಟ್ಟಿ ಬೆಳೆದವನು, ದಿನಗೂಲಿಗೆ ಬಂದವನು; ಎಷ್ಟು ಜನರನ್ನು ಹತ್ತಿಸಬೇಕು ಎಂದು ತೀರ್ಮಾನಿಸುವ ವ್ಯವಸ್ಥಾಪಕರು ದಡದಲ್ಲಿಯೇ ಉಳಿದರು.

ಲೈಫ್ ಜಾಕೆಟ್ ವಿಚಾರವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬಹಳಷ್ಟು ಜನ ಕಿತ್ತಳೆ ಬಣ್ಣ ಕಂಡರೆ ಸಾಕು, ಸಮಾಧಾನಪಡುತ್ತಾರೆ. ನನಗೆ ಕೊಟ್ಟ ಜಾಕೆಟಿನಲ್ಲಿ ಮೂರು ಪಟ್ಟಿಗಳಿರಬೇಕಾದಲ್ಲಿ ಒಂದೇ ಉಳಿದಿತ್ತು, ಅದರ ಪ್ಲಾಸ್ಟಿಕ್ ಕ್ಲಿಪ್ಪಿನ ಒಂದು ಹಲ್ಲು ಮುರಿದಿತ್ತು, ಒತ್ತಿದರೆ ಕೂರುತ್ತಿತ್ತು, ಉಸಿರೆಳೆದರೆ ಬಿಚ್ಚಿಕೊಳ್ಳುತ್ತಿತ್ತು. ಅಂಚಿನ ಹೊಲಿಗೆ ಬಿಟ್ಟಲ್ಲಿ ಒಳಗಿನ ಫೋಮ್ ಹಳದಿಯಾಗಿ, ಬೆರಳಿಟ್ಟರೆ ಪುಡಿಯಾಗಿ ಉದುರುತ್ತಿತ್ತು. ಅಂಥ ಫೋಮ್ ನೀರು ಕುಡಿದು ಭಾರವಾಗುತ್ತದೆಯೇ ಹೊರತು ಮನುಷ್ಯನನ್ನು ಎತ್ತಿ ಹಿಡಿಯುವುದಿಲ್ಲ. ಪಟ್ಟಿ ಬಿಗಿಯದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಮೇಲಕ್ಕೆ ಜಾರಿ ಕಿವಿಯವರೆಗೆ ಬರುತ್ತದೆ, ತೊಟ್ಟವರು ಒಳಗಿನಿಂದ ಕೆಳಕ್ಕೆ ಜಾರುತ್ತಾರೆ. ಮಕ್ಕಳಿಗಂತೂ ಇದು ಇನ್ನೂ ಅಪಾಯ. ಅಕ್ಕನ ಕಿರಿಯ ಮಗಳಿಗೆ ದೊಡ್ಡವರ ಜಾಕೆಟನ್ನೇ ತೊಡಿಸಿದರು. ಅವಳ ಎರಡೂ ಭುಜ ಹಿಡಿದು ಜಾಕೆಟನ್ನು ಮೇಲಕ್ಕೆ ಎಳೆದೆ, ಅದು ತಲೆಯಿಂದ ಪೂರ್ತಿ ಕಳಚಿ ನನ್ನ ಕೈಗೆ ಬಂತು. ನೀವು ಎಲ್ಲಿಯೇ ದೋಣಿ ಹತ್ತಿದರೂ ಈ ಒಂದು ಪರೀಕ್ಷೆಯನ್ನು ದಡದಲ್ಲಿಯೇ ಮಾಡಿ. ಭುಜ ಹಿಡಿದು ಎತ್ತಿದಾಗ ಜಾಕೆಟ್ ಗಲ್ಲ ದಾಟಿ ಮೇಲೆ ಬಂದರೆ ಅದು ಆ ಮಗುವಿನದಲ್ಲ. ಅಕ್ಕ ಮಗಳನ್ನು ಕರೆದುಕೊಂಡು ಅಲ್ಲೇ ಇಳಿದು, ಅತ್ತೆಯವರ ಜೊತೆ ದಡದಲ್ಲಿ ಉಳಿದಳು. ಮುಂಗಡ ಹಿಂದಿರುಗಿಸುವುದಿಲ್ಲ ಎಂದರು. ಹೋದರೆ ಹೋಗಲಿ ಎಂದಳು. ಆ ದಿನ ಅದಕ್ಕಿಂತ ಸರಿಯಾದ ಮಾತನ್ನು ಯಾರೂ ಆಡಲಿಲ್ಲ.

ಮೊದಲ ನಡುಗಡ್ಡೆಯಲ್ಲಿ ಇಳಿಯುವಷ್ಟರಲ್ಲಿ ಅರಣ್ಯ ಸಿಬ್ಬಂದಿ ಬಂದು ವಾಪಸ್ ಕಳಿಸಿದರು. ಹಿನ್ನೀರಿನ ಒಂದು ಭಾಗ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ, ಅಲ್ಲಿ ಅನುಮತಿಯಿಲ್ಲದೆ ಇಳಿಯುವುದು, ಒಲೆ ಹೂಡುವುದು ಅಪರಾಧ. ಅನುಮತಿ ಇದೆ ಎಂದು ನಮಗೆ ಹೇಳಿದ್ದು ಸುಳ್ಳಾಗಿತ್ತು.

ಎರಡನೆಯ ನಡುಗಡ್ಡೆಯಲ್ಲಿ ಈಜಲು ಬಿಟ್ಟರು. ಇಲ್ಲಿನ ನಡುಗಡ್ಡೆಗಳು ಮುಳುಗಿದ ಗುಡ್ಡಗಳ ನೆತ್ತಿಗಳು ಎಂಬುದನ್ನು ಯಾರೂ ಮರೆಯಬಾರದು. ಸಮುದ್ರ ತೀರದಂತೆ ಮೆಲ್ಲಗೆ ಇಳಿಜಾರಾಗುವ ಮರಳು ಇಲ್ಲಿಲ್ಲ. ಗುಡ್ಡದ ಇಳಿಜಾರು ಹೊರಗೆ ಹೇಗಿದೆಯೋ ನೀರಿನೊಳಗೂ ಹಾಗೆಯೇ ಮುಂದುವರಿಯುತ್ತದೆ. ಎರಡು ಹೆಜ್ಜೆಗೆ ಸೊಂಟದ ಮಟ್ಟ, ಮತ್ತೆರಡು ಹೆಜ್ಜೆಗೆ ಕಾಲು ನಿಲುಕುವುದಿಲ್ಲ. ನೀರು ಈಚೆಗೆ ಇಳಿದ ಅಂಚಿನಲ್ಲಿ ಮೇಲೆ ಒಣಗಿದಂತೆ ಕಾಣುವ ಕೆಸರು ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಕೊಳ್ಳುತ್ತದೆ. ಮೇಲಿನ ನೀರು ಬಿಸಿಲಿಗೆ ಬೆಚ್ಚಗಿದ್ದರೂ ಒಂದಾಳು ಕೆಳಗೆ ತಣ್ಣಗೆ ಕೊರೆಯುತ್ತದೆ, ಈಜು ಬಲ್ಲವರ ಸ್ನಾಯುಗಳೂ ಅಲ್ಲಿ ಹಿಡಿದುಕೊಳ್ಳಬಹುದು. ಸಮುದ್ರದ ಉಪ್ಪುನೀರು ತೇಲಿಸುವಷ್ಟು ಈ ಸಿಹಿನೀರು ತೇಲಿಸುವುದೂ ಇಲ್ಲ. ಎಲ್ಲಿಯವರೆಗೆ ಈಜಬಹುದು ಎಂದು ಹಗ್ಗ ಕಟ್ಟಿರಲಿಲ್ಲ, ನೋಡಿಕೊಳ್ಳಲು ಒಬ್ಬ ಈಜುಗಾರ ದಡದಲ್ಲಿ ನಿಂತಿರಲಿಲ್ಲ. ಅಕ್ಕನ ಮಗ ಹದಿನಾರರ ಹುಡುಗ, ತುಂಗೆಯಲ್ಲಿ ಈಜು ಕಲಿತವನು. ದಡದಿಂದ ಹಾರಿದವನು ಮೇಲೆ ಬಂದಾಗ ಮಾತೇ ಹೊರಡಲಿಲ್ಲ. ಎಡತೊಡೆಯ ಮೇಲೆ ಅಂಗೈ ಉದ್ದಕ್ಕೆ ಸೀಳಿತ್ತು. ಅವನು ಹಾರಿದ ಜಾಗದಲ್ಲಿ ಭಾವ ಕೈಯಾಡಿಸಿದಾಗ ಸಿಕ್ಕಿದ್ದು ಕಪ್ಪಗೆ ನೆನೆದ, ತುದಿ ಸೀಳಿ ಚೂಪಾದ ಒಂದು ಬೊಡ್ಡೆ. ಮೇಲಿನಿಂದ ನೋಡಿದರೆ ಅಲ್ಲಿ ಆಕಾಶದ ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತೊಡೆಗೆ ತಗಲಿದ್ದು ಹೊಟ್ಟೆಗೋ ತಲೆಗೋ ತಗಲಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆರೆದರೆ ಅದರಲ್ಲಿ ಬೆಂಕಿಪೊಟ್ಟಣ, ಉಪ್ಪು, ಮೆಣಸಿನಪುಡಿ ಇದ್ದವು. ನನ್ನ ವೇಲಿನಿಂದಲೇ ಬಿಗಿದು ಕಟ್ಟಿದೆವು. ಕೂಡಲೇ ದಡಕ್ಕೆ ಹೋಗೋಣವೆಂದರೆ, ಊಟದ ತಯಾರಿ ಆಗಿದೆ, ಉಳಿದವರು ಹಣ ಕೊಟ್ಟಿದ್ದಾರೆ, ಒಂದು ಗಂಟೆ ತಾಳಿ ಎಂದರು. ಇರುವುದು ಒಂದೇ ದೋಣಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಹಿನ್ನೀರಿನ ಬಹುಭಾಗದಲ್ಲಿ ಇರುವುದೂ ಇಲ್ಲ. ಅಕ್ಕಿ ರೊಟ್ಟಿ, ಮೀನು ಸಾರು ಎಂದು ಹೇಳಿದ್ದ ಊಟ ತಣ್ಣಗಿನ ಚಿತ್ರಾನ್ನವಾಗಿತ್ತು, ಅದು ನಮಗೆ ಬೇಕಾಗಿಯೂ ಇರಲಿಲ್ಲ. ಆದರೆ ಅಷ್ಟರಲ್ಲಿ ಆ ಯುವಕರು ಕುಡಿದು ನೀರಿಗಿಳಿಯತೊಡಗಿದರು, ಮದ್ಯ ತಂದುಕೊಟ್ಟವರು ತಂಡದ ಸಹಾಯಕರೇ. ಊರು ಮುಳುಗಿ ಎದ್ದುಹೋದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಆ ದಡದಲ್ಲಿ ಬದುಕುತ್ತಿರುವಾಗ ಆ ನೀರಿನ ಮೇಲೆ ಹೀಗೆ ಗದ್ದಲವೆಬ್ಬಿಸುವುದು ನನ್ನ ಮನಸ್ಸಿಗೆ ಬಹಳ ನೋವು ತಂದಿತು.

ಹೊರಡುವಾಗ ಮಧ್ಯಾಹ್ನ ಕಳೆದು ಗಾಳಿ ಎದ್ದಿತ್ತು. ಬೆಳಿಗ್ಗೆ ಕನ್ನಡಿಯಂತಿದ್ದ ನೀರಿನಲ್ಲಿ ಅಲೆಗಳು ದೋಣಿಯ ಅಂಚು ಬಡಿದು ಒಳಗೆ ಚಿಮ್ಮುತ್ತಿದ್ದವು. ಅರ್ಧ ದಾರಿಯಲ್ಲಿ ಎಂಜಿನ್ನಿನ ಫ್ಯಾನ್ ಬೊಡ್ಡೆಗೆ ಬಡಿದು ಅದರ ಪಿನ್ ತುಂಡಾಯಿತು. ಎಂಜಿನ್ ಓಡುತ್ತಲೇ ಇತ್ತು, ಫ್ಯಾನ್ ತಿರುಗುತ್ತಿರಲಿಲ್ಲ. ಬದಲಿ ಪಿನ್ ಇಲ್ಲ, ಹುಟ್ಟು ಇದ್ದದ್ದು ಒಂದೇ. ಗಾಳಿ ನಮ್ಮನ್ನು ಒಣಮರಗಳು ನಿಂತಿದ್ದ ಕಡೆಗೆ ಅಡ್ಡಡ್ಡವಾಗಿ ತಳ್ಳುತ್ತಿತ್ತು. ಆಗ ಯುವಕರು ಗಾಬರಿಯಿಂದ ಒಂದೇ ಬದಿಗೆ ಎದ್ದು ನಿಂತರು, ದೋಣಿ ವಾಲಿತು. ಭಾವ ಮತ್ತು ಆ ಹುಡುಗ ಗದರಿಸಿ ಕೂರಿಸದಿದ್ದರೆ ಅದು ಮಗುಚುತ್ತಿತ್ತು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಇದರಂತೆಯೇ ಅಣೆಕಟ್ಟೆಯ ಹಿನ್ನೀರಿನಲ್ಲಿ, ಪ್ರವಾಸಿ ದೋಣಿ ಒಂದು ಬದಿಗೆ ವಾಲಿ ಮಗುಚಿ 45 ಜನ ಸತ್ತರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ಜನ ಹೆಚ್ಚಾಗಿದ್ದ ದೋಣಿ ಮಗುಚಿತು. ನಮ್ಮ ಜಿಲ್ಲೆಯ ಹಾಡೋನಹಳ್ಳಿಯಲ್ಲಿ 2016ರ ಗಣಪತಿ ವಿಸರ್ಜನೆಯ ದಿನ ತುಂಗಭದ್ರೆಯಲ್ಲಿ ತೆಪ್ಪ ಮಗುಚಿ ಹತ್ತಕ್ಕೂ ಹೆಚ್ಚು ಜನ ಹೋದದ್ದು ಶಿವಮೊಗ್ಗದವರಿಗೆ ನೆನಪಿರಲೇಬೇಕು. ಮೀನು ಬಲೆ ಎತ್ತಲು ಬಂದಿದ್ದವರು ನಮ್ಮನ್ನು ಕಂಡು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ದಡ ಮುಟ್ಟಿಸಿದರು. ಅವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಸಾಗರದ ಆಸ್ಪತ್ರೆ ತಲುಪುವಾಗ ಗಾಯವಾಗಿ ಐದು ಗಂಟೆ ಕಳೆದಿತ್ತು.

ಹೀಗಾಗಿ ಹೋಗಲೇಬೇಕು ಎನ್ನುವವರು ದಯವಿಟ್ಟು ಮುಂಗಡ ಕಟ್ಟುವ ಮೊದಲೇ ದೋಣಿಯ ನೋಂದಣಿ ಪತ್ರ, ತಪಾಸಣೆ ಪತ್ರ ಮತ್ತು ವಿಮೆಯ ಪ್ರತಿ ಕಳಿಸುವಂತೆ ಕೇಳಿ. ಒಳನಾಡಿನ ನೀರಿನಲ್ಲಿ ಓಡುವ ಎಂಜಿನ್ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಇವೆಲ್ಲ ಇರಬೇಕು, ನೋಂದಣಿ ಸಂಖ್ಯೆ ದೋಣಿಯ ಮೇಲೆ ಕಾಣುವಂತೆ ಬರೆದಿರಬೇಕು. ಕಾಗದ ಕೇಳಿದ ಕೂಡಲೇ ಮಾತು ಬದಲಿಸುವವರ ದೋಣಿ ಹತ್ತಬೇಡಿ. ಎರಡು ಹುಟ್ಟು ಇವೆಯೇ, ಎಂಜಿನ್ನಿಗೆ ಬದಲಿ ಪಿನ್ ಇದೆಯೇ, ಅವಘಡವಾದರೆ ಕರೆಯಲು ಎರಡನೆಯ ದೋಣಿ ಇದೆಯೇ ಎಂದು ದಡದಲ್ಲಿ ನಿಂತು ಕೇಳಿ. ಮಧ್ಯಾಹ್ನದ ಗಾಳಿಗೆ ಮುಂಚೆ ಹಿಂದಿರುಗುವ ವಿಹಾರವನ್ನಷ್ಟೇ ಒಪ್ಪಿಕೊಳ್ಳಿ. ನೀರು ಇಳಿದ ತಿಂಗಳುಗಳಲ್ಲಿ ಯಾರು ಎಷ್ಟೇ ಧೈರ್ಯ ಹೇಳಿದರೂ ದಡದಿಂದಾಗಲಿ ದೋಣಿಯಿಂದಾಗಲಿ ಹಾರಬಾರದು, ಮಕ್ಕಳನ್ನು ಹಾರಲು ಬಿಡಬಾರದು.

ಹಣದ ವಿಷಯಕ್ಕೆ ಬಂದರೆ, ವ್ಯವಸ್ಥಾಪಕರು ಮುಂಗಡವನ್ನೂ ಕೊಡಲಿಲ್ಲ, ಆಸ್ಪತ್ರೆಯ ಖರ್ಚನ್ನೂ ಕೊಡಲಿಲ್ಲ. ಎರಡು ದಿನದ ನಂತರ ನಮ್ಮ ಫೋನ್ ತೆಗೆಯುವುದನ್ನೇ ನಿಲ್ಲಿಸಿದರು. ಇಂಥ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅದಕ್ಕೆ ಆಧಾರ ಬೇಕಾಗುತ್ತದೆ, ಆದ್ದರಿಂದ ಅವರು ಕಳಿಸಿದ ಜಾಹೀರಾತು, ಸಂದೇಶಗಳು, ಹಣ ಕಟ್ಟಿದ ರಸೀದಿ, ದೋಣಿಯ ಮತ್ತು ಜಾಕೆಟುಗಳ ಚಿತ್ರ, ಆಸ್ಪತ್ರೆಯ ಚೀಟಿ ಯಾವುದನ್ನೂ ಅಳಿಸಬೇಡಿ. ನಾವು ಇವೆಲ್ಲವನ್ನೂ ಸೇರಿಸಿ ದೂರು ಸಲ್ಲಿಸಿದ್ದೇವೆ. ಇದೇ ರೀತಿ ತೊಂದರೆಗೊಳಗಾದ ಬೇರೆಯವರೂ ಲಿಖಿತವಾಗಿ ದೂರು ಕೊಟ್ಟರೆ, ಮುಂದಿನ ರಜೆಗೆ ಮೊದಲು ಈ ದೋಣಿಗಳ ತಪಾಸಣೆ ನಡೆಯುವ ಸಾಧ್ಯತೆ ಹೆಚ್ಚುತ್ತದೆ.