ಗಮನ ಬೇಗ ಚದುರುತ್ತದೆಯೇ? ಬರವಣಿಗೆ ಕಲಿಯಲು ಯಾವ ಪುಸ್ತಕ?

ಕೆಳಗಿನ ಎರಡು ಪುಸ್ತಕಗಳು ಎಡಿಎಚ್‌ಡಿ (ಗಮನ ನಿಲ್ಲಿಸಲು ಕಷ್ಟವಾಗುವ ಸ್ಥಿತಿ), ಆಟಿಸಂ ಇರುವವರಿಗೆಂದೇ ಬರೆದವಲ್ಲ. ಆದರೂ ಉಪಯೋಗಕ್ಕೆ ಬರುತ್ತವೆ.

ನಟಾಲಿ ಗೋಲ್ಡ್‌ಬರ್ಗ್ ಅವರ 1986ರ ‘ರೈಟಿಂಗ್ ಡೌನ್ ದ ಬೋನ್ಸ್’ನಲ್ಲಿ ಅಧ್ಯಾಯಗಳು ಪುಟ್ಟವು. ಎಲ್ಲಿಂದ ಬೇಕಾದರೂ ಓದಬಹುದು. ಇಷ್ಟು ಹೊತ್ತು ಅಂತ ಗೊತ್ತುಮಾಡಿಕೊಂಡು, ಕೈ ನಿಲ್ಲಿಸದೆ, ಬರೆದದ್ದನ್ನು ಹೊಡೆದುಹಾಕದೆ ಬರೆಯಿರಿ ಅನ್ನುತ್ತದೆ. ಶುರು ಮಾಡುವುದೇ ಕಷ್ಟ ಅನ್ನುವವರಿಗೆ ಹೇಳಿಮಾಡಿಸಿದ್ದು. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗಲೂ ಒಂದು ಸುತ್ತು ಬರೆಯಬಹುದು. ಕಥೆ ಕಟ್ಟುವ ಬಗೆ ಮಾತ್ರ ಇಲ್ಲಿ ಜಾಸ್ತಿ ಸಿಗುವುದಿಲ್ಲ.

ಕಾದಂಬರಿಕಾರ ಸ್ಟೀಫನ್ ಕಿಂಗ್ ಅವರ 2000ದ ‘ಆನ್ ರೈಟಿಂಗ್’ನಲ್ಲಿ ಆತ್ಮಕಥೆಯೂ ಇದೆ. ಬಾಗಿಲು ಹಾಕಿಕೊಂಡು ಬರೆಯಿರಿ, ಆರಂಭಕ್ಕೆ ದಿನಕ್ಕೆ 1,000 ಪದ ಸಾಕು ಅನ್ನುತ್ತಾರೆ. ಪಕ್ಕಾ ದಿನಚರಿ ಇಷ್ಟಪಡುವವರಿಗೆ ಸರಿ. ಒಂದು ದಿನ ತಪ್ಪಿದರೂ ಕುಗ್ಗುವವರಿಗೆ ಸುಮ್ನೆ ಹೊರೆ ಅಲ್ವಾ?

ಒಂದೇ ಕೊಳ್ಳುವುದಾದರೆ, ಗೋಲ್ಡ್‌ಬರ್ಗ್ ಕೊಳ್ಳಿ.